ಪಕ್ಕದ ಸೀಟಿನ ಬ್ರೇಕು

ಬ್ರೇಕಮ್ಮನ ಬಲಗಾಲು ಯಾರ ಮಾತೂ ಕೇಳುತ್ತಿರಲಿಲ್ಲ, ಸ್ವತಃ ಬ್ರೇಕಮ್ಮನ ಮಾತನ್ನೂ. ಥಿಯೇಟರಿನಲ್ಲಿ ಸಿನಿಮಾದ ನಾಯಕ ಕಾರು ಜೋರಾಗಿ ಓಡಿಸಿದರೆ ಈ ಕಾಲು ಹೋಗಿ ಮುಂದಿನ ಸೀಟಿನವರ ಬೆನ್ನು ಒತ್ತುತ್ತಿತ್ತು. ಹಲ್ಲಿನ ಡಾಕ್ಟರು ಡ್ರಿಲ್ ಹತ್ತಿರ ತಂದರೆ ಕುರ್ಚಿಯ ಬುಡವನ್ನು ಅಮುಕುತ್ತಿತ್ತು. ಊಟದ ಮೇಜಿನಲ್ಲಿ ಯಾರಾದರೂ ಹೇಳಬಾರದ್ದನ್ನು ಹೇಳಲು ಬಾಯಿ ತೆರೆದರೆ ಸಾಕು, ಮೇಜಿನ ಕೆಳಗೆ ಟಪ್ ಅಂತ ನೆಲಕ್ಕೆ ಬೀಳುತ್ತಿತ್ತು. ಪಾಪ, ಅದರ ತಪ್ಪೇನೂ ಇರಲಿಲ್ಲ ಬಿಡಿ. ಅವಳು ಜೀವಮಾನವೆಲ್ಲ ದುಡಿದದ್ದು ಡ್ರೈವಿಂಗ್ ಸ್ಕೂಲಿನಲ್ಲಿ. ಅಲ್ಲಿನ ಕಾರಿನಲ್ಲಿ ಕಲಿಸುವವರ ಕಡೆಗೂ ಒಂದು ಬ್ರೇಕು ಇರುತ್ತದೆ. ಕಲಿಯಲು ಬಂದವರು ಕಂಬಕ್ಕೋ ಕಾಂಪೌಂಡಿಗೋ ಮುತ್ತಿಡುವ ಮೊದಲು ಅದನ್ನು ತುಳಿದು ತುಳಿದು ಆ ಕಾಲಿಗೆ ಅದೊಂದೇ ವಿದ್ಯೆ ಗಟ್ಟಿಯಾಗಿ ಅಂಟಿಕೊಂಡಿತ್ತು. ಬ್ರೇಕಮ್ಮ ಅಂತ ಹೆಸರಿಟ್ಟವರೂ ಶಿಷ್ಯರೇ. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಆಮೇಲೆ ಧೈರ್ಯ ಬಂದು ಎದುರಿಗೇ ಕರೆದರು. ಅವಳಿಗೂ ಒಳಗೊಳಗೇ ಖುಷಿಯಾಗಿತ್ತು.

ಈ ಕೆಲಸಕ್ಕೆ ಕಲ್ಲು ಹಾಕಿದ್ದು ಅವಳ ಎಡಗಣ್ಣು. ಎದುರಿಗಿದ್ದದ್ದು ಕಾಣುತ್ತಿತ್ತು, ಪಕ್ಕದ್ದೆಲ್ಲ ಮಂಜು ಮಂಜು. ಕಣ್ಣಿನ ಡಾಕ್ಟರು "ಇನ್ನು ಗಾಡಿ ಗೀಡಿ ಸಹವಾಸ ಬೇಡಮ್ಮ" ಅಂದರು. ಲೈಸೆನ್ಸು ಹೋಯಿತು, ಅದರ ಬೆನ್ನಿಗೇ ಕೆಲಸವೂ ಹೋಯಿತು. ಬೀಳ್ಕೊಡುವ ದಿನ ಸ್ಕೂಲಿನ ಮಾಲೀಕ ಉದ್ದಕ್ಕೆ ಭಾಷಣ ಬಿಗಿದು ಒಂದು ಗೋಡೆ ಗಡಿಯಾರ ಕೊಟ್ಟ. ಇನ್ನು ಮೇಲೆ ನಿನಗೆ ಹೊತ್ತು ಕಳೆಯೋದೊಂದೇ ಕೆಲಸ ಅನ್ನುವುದನ್ನು ಇಷ್ಟು ನಾಜೂಕಾಗಿ ಇನ್ನಾರು ಹೇಳುತ್ತಾರೆ? ಬ್ರೇಕಮ್ಮ ಮನೆಗೆ ಬಂದವಳೇ ಗಡಿಯಾರವನ್ನು ಬಚ್ಚಲುಮನೆಯಲ್ಲಿ ನೇತುಹಾಕಿದಳು.

ಮನೆಯಲ್ಲಿ ಇದ್ದದ್ದು ಇಬ್ಬರೇ, ಅವಳು ಮತ್ತು ಅವಳ ನಾದಿನಿ. ಗಂಡನ ತಂಗಿ ಅನ್ನೋಣವೆಂದರೆ ಈಗ ಗಂಡನೇ ಇಲ್ಲ. ಹೊಲಿಗೆ ಮೆಷೀನು ರಿಪೇರಿ ಮಾಡಿಕೊಂಡಿದ್ದ ಆ ಮಹಾರಾಯ ಮೂರು ವರ್ಷದ ಹಿಂದೆ ತೀರಿಕೊಂಡಿದ್ದ. ಆಗ ನಾದಿನಿ "ನಾಲ್ಕು ದಿನ ಇದ್ದು ಹೋಗ್ತೀನಿ ಅತ್ತಿಗೆ" ಅಂತ ಒಂದು ಸೂಟ್‌ಕೇಸು ಹಿಡಿದು ಬಂದಳು. ಆ ನಾಲ್ಕು ದಿನ ಇನ್ನೂ ಮುಗಿದಿರಲಿಲ್ಲ. ಮದುವೆಯೆಂಬ ಪ್ರಯೋಗವನ್ನು ಒಂದು ಸಲ ಮಾಡಿ, ಸಾಕಪ್ಪಾ ಸಾಕು ಅಂತ ಕೈ ತೊಳೆದುಕೊಂಡವಳು ಅವಳು. ಬೇಕರಿಯಲ್ಲಿ ಬ್ರೆಡ್ಡು ಬನ್ನು ಸುಡುವುದು ಕೆಲಸ. ನಸುಕಿಗೇ ಎದ್ದು ನಡೆದುಕೊಂಡು ಹೋಗುವಳು, ಮಧ್ಯಾಹ್ನ ಮೈಯೆಲ್ಲ ಮೈದಾ ಮಾಡಿಕೊಂಡು ಬರುವಳು. ಬಂದ ಕೂಡಲೇ ಜಗಳ. ಕಿಟಕಿ ತೆಗೆಯುವುದಕ್ಕೆ, ಮುಚ್ಚುವುದಕ್ಕೆ, ರೇಡಿಯೋ ಕೂಗುವುದಕ್ಕೆ, ಏನೂ ಇಲ್ಲದಿದ್ದರೆ ಏನೂ ಇಲ್ಲ ಅನ್ನುವುದಕ್ಕೆ. ಸತ್ತವನನ್ನೂ ಇಬ್ಬರೂ ಪಾಲು ಮಾಡಿಕೊಂಡಿದ್ದರು. ಅವನ ಗೊರಕೆ, ಮೊಂಡುತನ, ಕಳೆದುಹೋಗುವ ಕನ್ನಡಕ ಬ್ರೇಕಮ್ಮನ ಪಾಲಿಗೆ. ಮರ ಹತ್ತಿ ಬಿದ್ದದ್ದು, ಮೇಷ್ಟರ ಕುರ್ಚಿಗೆ ಅಂಟು ಹಚ್ಚಿದ್ದು ನಾದಿನಿಯ ಪಾಲಿಗೆ.

ಅವನು ಬಿಟ್ಟುಹೋದ ಇನ್ನೊಂದು ಆಸ್ತಿಯೆಂದರೆ ಅವನ ಹಳೇ ಕಾರು. ಅದಕ್ಕೊಂದು ಕತೆಯಿದೆ. ಮದುವೆಯಾದ ಹೊಸತರಲ್ಲಿ ಗಂಡ ಓಡಿಸುವಾಗ ಪಕ್ಕದಲ್ಲಿ ಕೂತ ಬ್ರೇಕಮ್ಮ ನೆಲ ತುಳಿದೂ ತುಳಿದೂ ಕಾಲಡಿಯ ಮ್ಯಾಟು ತೂತು ಬಿದ್ದಿತ್ತು. ಜೊತೆಗೆ ಬಾಯಿ ಬೇರೆ. "ಬ್ರೇಕ್! ರೀ, ಬ್ರೇಕ್ ಅಂದ್ರೆ!" ಎಲ್ಲಿಗೆ ಹೊರಟರೂ ತಲುಪುವಷ್ಟರಲ್ಲಿ ಇಬ್ಬರೂ ಮುಖ ಊದಿಸಿಕೊಂಡಿರುತ್ತಿದ್ದರು. ಒಂದು ಭಾನುವಾರ ಗಂಡ ಕಾರು ತೆಗೆದುಕೊಂಡು ಹೋದವನು ಸಂಜೆ ಬಂದ. ಅವಳ ಕಡೆಗೂ ಒಂದು ಪೆಡಲು ಕೂತಿತ್ತು, ಮೇಲೆ ಕರೀ ರಬ್ಬರು. "ನಿನ್ನ ಸ್ಕೂಲಿನ ಗಾಡೀಲಿ ಇರೋ ಹಾಗೇ ಹಾಕಿಸಿದೀನಿ. ಇನ್ಮೇಲೆ ಬಾಯಿಗೆ ರಜ ಕೊಡು, ಕಾಲಿಗೆ ಕೆಲಸ ಕೊಡು" ಅಂದ. ಅಂದಿನಿಂದ ಕಾರಿನೊಳಗೆ ಜಗಳ ನಿಂತಿತು. ಅವಳು ತುಳಿದಾಗ ಗಾಡಿ ನಿಲ್ಲುತ್ತಿತ್ತು. ಒಂದೇ ಕೊರತೆಯೆಂದರೆ ಆ ಬ್ರೇಕು ಒಂದು ಕ್ಷಣ ತಡವಾಗಿ ಹಿಡಿಯುತ್ತಿತ್ತು. ಅವಳು ಗೊಣಗಿದರೆ ಗಂಡ ಯಾವಾಗಲೂ ಒಂದೇ ಮಾತು ಹೇಳುತ್ತಿದ್ದ. "ಹಳೇ ಗಾಡಿ, ಏನ್ಮಾಡೋದು."

ಒಂದು ಸಲ ಅಡ್ಡರಸ್ತೆಯಿಂದ ಲಾರಿಯೊಂದು ನುಗ್ಗಿದಾಗ ಇದೇ ಪೆಡಲು ತುಳಿದು ಗಂಡನ ಜೀವ ಉಳಿಸಿದ್ದನ್ನು ಬ್ರೇಕಮ್ಮ ಕೇಳಿದವರಿಗೂ ಹೇಳಿದ್ದಳು, ಕೇಳದವರಿಗೂ ಹೇಳಿದ್ದಳು. ಪ್ರತಿ ಸಲವೂ ಲಾರಿ ಒಂಚೂರು ದೊಡ್ಡದಾಗುತ್ತಿತ್ತು. ನಾದಿನಿ ಎದುರಿಗಿದ್ದರೆ ಮಾತ್ರ ಆ ಕತೆ ಕೇಳುವಾಗ ಉಗುರು ನೋಡಿಕೊಳ್ಳುತ್ತಾ ಕೂರುತ್ತಿದ್ದಳು. ಹೊಟ್ಟೆಕಿಚ್ಚು ಅಂತ ಬ್ರೇಕಮ್ಮ ತಿಳಿದಿದ್ದಳು.

ಹೀಗಿರುವಾಗ ಬೇಕರಿ ಯಜಮಾನನಿಗೆ ಜ್ಞಾನೋದಯವಾಯಿತು. ಊರೊಳಗಿನ ಬಾಡಿಗೆ ದಂಡ, ಎರಡು ತಿಂಗಳು ಬಿಟ್ಟು ಊರಾಚೆ ಹೋಗೋಣ ಅಂದ. ನಸುಕಿಗೆ ಅಲ್ಲಿಗೆ ಬಸ್ಸಿಲ್ಲ. ನಾದಿನಿಗೆ ಗಾಡಿ ಓಡಿಸಲು ಬರುವುದಿಲ್ಲ. "ಅದಕ್ಕೇನಂತೆ, ಬೇಕರಿ ಮೇಲೊಂದು ರೂಮಿದೆ, ಅಲ್ಲೇ ಇದ್ದುಬಿಡಿ" ಅಂದನಂತೆ ಯಜಮಾನ. ನಾದಿನಿ ಇದನ್ನು ಊಟಕ್ಕೆ ಕೂತಾಗ ಹೇಳಿದಳು. ಮೇಜಿನ ಕೆಳಗೆ ಟಪ್ ಅಂತ ಸದ್ದಾಯಿತು.

"ರೂಮು ಗಾಳಿ ಬೆಳಕು ಚೆನ್ನಾಗಿದ್ಯಂತೆ" ಅಂದಳು ನಾದಿನಿ, ತಟ್ಟೆ ನೋಡುತ್ತಾ.

"ಗಾಳಿ ಬೆಳಕು ಕಟ್ಕೊಂಡು ಏನ್ಮಾಡ್ತೀಯೇ? ಗಾಡಿ ಕಲಿ. ಕಾರಿದೆ, ಕಲಿಸೋಕೆ ನಾನಿದೀನಿ."

"ನಿಮಗೆ ಲೈಸೆನ್ಸೇ ಇಲ್ವಲ್ಲ ಅತ್ತಿಗೆ."

"ಲೈಸೆನ್ಸ್ ಕೊಡೋ ಆಫೀಸಲ್ಲಿ ಅರ್ಧ ಜನ ನನ್ನ ಹತ್ರ ಕಲಿತವರು. ನನ್ನ ಕಣ್ಣು ಹೋಗಿದ್ರೆ ಹೋಗ್ಲಿ, ಕಾಲು ಸರಿಯಾಗಿದ್ಯಲ್ಲ. ನಿನ್ನ ಕೈಲಿ ಏನೇ ಅನಾಹುತ ಆದ್ರೂ ನನ್ನ ಕಡೆ ಬ್ರೇಕಿದೆ."

ನಾದಿನಿ ಏನೋ ಹೇಳಲು ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ಆಮೇಲೆ "ಆಯ್ತು" ಅಂದಳು. ಇಷ್ಟು ಸಲೀಸಾಗಿ ಅವಳು ಯಾವತ್ತೂ ಯಾವುದಕ್ಕೂ ಒಪ್ಪಿದವಳಲ್ಲ.

ಮನೆಯ ಹಿಂದೆಯೇ ಮುಚ್ಚಿಹೋದ ಬಟ್ಟೆ ಗಿರಣಿಯಿತ್ತು. ಅದರ ಖಾಲಿ ಅಂಗಳದಲ್ಲಿ ಪಾಠ ಶುರುವಾಯಿತು. ಬ್ರೇಕಮ್ಮನಿಗೆ ಹೋದ ಜೀವ ಬಂದಂತಾಯಿತು. ಬೆಳಗ್ಗೆ ಎದ್ದರೆ ಮಾಡಲು ಒಂದು ಕೆಲಸ, ಬೈಯಲು ಒಂದು ಜೀವ, ಇನ್ನೇನು ಬೇಕು? ನಾದಿನಿ ಸ್ಟೇರಿಂಗನ್ನು ಹಿಟ್ಟು ನಾದುವಂತೆ ನಾದುತ್ತಿದ್ದಳು. "ಅದು ಬನ್ನಲ್ಲ ಕಣೇ, ಹಿಸುಕಬೇಡ!" ಅಂತ ಇವಳು ಕೂಗುತ್ತಿದ್ದಳು. ಆದರೆ ಬ್ರೇಕಿನ ವಿಷಯದಲ್ಲಿ ಒಂದು ದಿನವೂ ತೊಂದರೆಯಾಗಲಿಲ್ಲ. ಗೋಡೆ ಹತ್ತಿರ ಬಂತು, ಬ್ರೇಕಮ್ಮ ತುಳಿದಳು, ಗಾಡಿ ನಿಂತಿತು. ನಾಯಿ ಅಡ್ಡ ಬಂತು, ತುಳಿದಳು, ನಿಂತಿತು. ಯಥಾಪ್ರಕಾರ ಒಂದು ಕ್ಷಣ ತಡ, ಅಷ್ಟೇ. ನಾಲ್ಕು ವಾರವಾಗುವಷ್ಟರಲ್ಲಿ ನಾದಿನಿ ಗೇರು ಹಾಕುವುದು, ತಿರುಗಿಸುವುದು, ಹಿಂದೆ ಬರುವುದು ಎಲ್ಲ ಕಲಿತಳು. ಅವಳ ಸೂಟ್‌ಕೇಸು ಮಂಚದ ಕೆಳಗಿಂದ ಹೊರಗೆ ಬಂದು ಬಾಗಿಲ ಹತ್ತಿರ ಕೂತಿದ್ದನ್ನು ಬ್ರೇಕಮ್ಮ ನೋಡಿದ್ದಳು. ಅದನ್ನು ಕಾಲಿನಿಂದ ಮತ್ತೆ ಒಳಕ್ಕೆ ತಳ್ಳಿದ್ದಳು ಕೂಡ.

ಪರೀಕ್ಷೆಯ ದಿನ ಕಾರನ್ನು ಮೈದಾನದವರೆಗೆ ಓಡಿಸಲು ಹಳೇ ಶಿಷ್ಯನೊಬ್ಬ ಬಂದ, ಈಗ ಟ್ಯಾಕ್ಸಿ ಓಡಿಸುವವನು. ಬ್ರೇಕಮ್ಮ ಅಭ್ಯಾಸಬಲದಿಂದ ಮುಂದಿನ ಬಾಗಿಲಿಗೆ ಕೈ ಹಾಕಿದರೆ ನಾದಿನಿ ಅಡ್ಡ ನಿಂತಳು. "ನಾನು ಮುಂದೆ ಕೂರ್ತೀನಿ ಅತ್ತಿಗೆ, ಹಿಂದೆ ಕೂತ್ರೆ ನಂಗೆ ವಾಂತಿ ಬರುತ್ತೆ." ಯಾವತ್ತೂ ಇಲ್ಲದ ವಾಂತಿ ಇವತ್ತೆಲ್ಲಿಂದ ಬಂತೋ. ಪರೀಕ್ಷೆಯ ಭಯವಿರಬೇಕು ಅಂತ ಬ್ರೇಕಮ್ಮ ಹಿಂದೆ ಕೂತಳು.

ಪರೀಕ್ಷೆ ಮಾಡುವ ಇನ್ಸ್‌ಪೆಕ್ಟರು ಬ್ರೇಕಮ್ಮನಿಗೆ ಹಳೇ ಪರಿಚಯ. ತೆಳ್ಳಗೆ ಉದ್ದಕ್ಕಿದ್ದ ಮನುಷ್ಯ, ಕೂತಲ್ಲಿ ಮೊಣಕಾಲು ಕುಣಿಸುವ ಚಾಳಿ. ಅವರು ಪಕ್ಕದ ಸೀಟಿನಲ್ಲಿ ಕೂತರು, ಬ್ರೇಕಮ್ಮ ಮೈದಾನದ ಅಂಚಿನ ಬೆಂಚಿನ ಮೇಲೆ ಕೂತಳು. ಕಾರು ಹೊರಟಿತು. ಚೆನ್ನಾಗಿಯೇ ಹೊರಟಿತು. ಹತ್ತು ಮಾರು ಹೋಗಿ ಗಕ್ಕನೆ ನಿಂತಿತು. ಮತ್ತೆ ಹೊರಟಿತು, ಮತ್ತೆ ಗಕ್ಕನೆ ನಿಂತಿತು. ಬಿಕ್ಕಳಿಕೆ ಬಂದ ಎಮ್ಮೆಯಂತೆ ಇಡೀ ಮೈದಾನ ಹೀಗೇ ಸುತ್ತಿತು. ಕೊನೆಗೆ ನಿಲ್ಲಿಸಲೇಬೇಕಾದ ಬಿಳಿ ಗೆರೆ ಬಂತಲ್ಲ, ಅಲ್ಲಿ ಮಾತ್ರ ನಿಲ್ಲಲಿಲ್ಲ. ಗೆರೆ ದಾಟಿ, ಅಲ್ಲಿಟ್ಟಿದ್ದ ಡ್ರಮ್ಮಿಗೆ ಢಣ್ ಅಂತ ಗುದ್ದಿಯೇ ನಿಂತಿತು.

ಇನ್ಸ್‌ಪೆಕ್ಟರು ಇಳಿದು ಪ್ಯಾಂಟಿನ ತುದಿಯನ್ನು ಸಾಕ್ಸಿನ ಮೇಲೆ ಎಳೆದುಕೊಳ್ಳುತ್ತಾ ಬಂದರು.

"ಮೇಡಂ, ನಿಮ್ಮ ಶಿಷ್ಯೆಗೆ ಏನಾಗಿದೆ? ರಸ್ತೆ ನೋಡಿ ಅಂದ್ರೆ ನನ್ನ ಕಾಲು ನೋಡ್ತಾರೆ. ನಾನು ಕಾಲು ಅಲ್ಲಾಡಿಸಿದಾಗೆಲ್ಲ ಬ್ರೇಕು. ಕಾಲು ಹಿಡ್ಕೊಂಡು ಸುಮ್ಮನೆ ಕೂತೆ, ಹೋಗಿ ಗುದ್ದಿದ್ರು. ನನ್ನ ಸಾಕ್ಸ್ ತೂತಾಗಿರೋದು ನಂಗೂ ಗೊತ್ತು, ಹಾಗಂತ ಇಷ್ಟೊಂದು ನೋಡೋದಾ?"

ನಾದಿನಿ ಕಾರಿನ ಪಕ್ಕ ತಲೆ ತಗ್ಗಿಸಿ ನಿಂತಿದ್ದಳು. ಬ್ರೇಕಮ್ಮ ದಡದಡ ಹೋದಳು.

"ಅವರ ಕಾಲಲ್ಲಿ ಏನಿತ್ತೇ, ಚಿನ್ನ ಇತ್ತಾ? ಬ್ರೇಕು ಯಾವಾಗ ಹಾಕ್ಬೇಕು ಅಂತ ಗೊತ್ತಿಲ್ವಾ ನಿಂಗೆ?"

"ಗೊತ್ತು. ನಿಮ್ಮ ಕಾಲು ಕೆಳಗೆ ಹೋದಾಗ" ಅಂದಳು ನಾದಿನಿ.

"ಏನು ಹಾಗಂದ್ರೆ?"

"ಆ ಪೆಡಲಿಗೆ ಏನೂ ಸೇರಿಸಿಲ್ಲ ಅತ್ತಿಗೆ. ಬರೀ ಸ್ಪ್ರಿಂಗು. ಹೊಲಿಗೆ ಮೆಷೀನಿಂದು. ಅಣ್ಣನೇ ಕೂರಿಸಿದ್ದು. ನೀವು ತುಳಿದಾಗೆಲ್ಲ ಅವನು ತನ್ನ ಕಡೆ ಬ್ರೇಕು ತುಳೀತಿದ್ದ. ಈಗ ನಾನು ತುಳೀತಿದೀನಿ, ಅಷ್ಟೇ."

ಬ್ರೇಕಮ್ಮ ನಕ್ಕಳು. ಫೇಲಾದವರು ಹೇಳುವ ಸಬೂಬುಗಳನ್ನು ಅವಳು ಎಷ್ಟು ಕೇಳಿಲ್ಲ? ಸೂರ್ಯ ಕಣ್ಣಿಗೆ ಬಿದ್ದ, ಚಪ್ಪಲಿ ಜಾರಿತು, ಹಿಂದಿನವನು ಹಾರ್ನು ಹೊಡೆದ. ಇದೊಂದು ಹೊಸದು. ಟ್ಯಾಕ್ಸಿಯವನು ಬಂದಾಗ ಈ ಸಲ ಅವಳೇ ಮುಂದೆ ಹೋಗಿ ಕೂತಳು. ನಾದಿನಿ ವಾಂತಿಯ ಸುದ್ದಿ ಎತ್ತಲಿಲ್ಲ.

ಮೈದಾನದ ಗೇಟು ದಾಟಿದ ಮೇಲೆ ಬ್ರೇಕಮ್ಮ ಮೆಲ್ಲಗೆ ಪೆಡಲು ತುಳಿದಳು. ಗಾಡಿ ತನ್ನ ಪಾಡಿಗೆ ಹೋಗುತ್ತಿತ್ತು. ಇನ್ನೂ ಜೋರಾಗಿ ತುಳಿದಳು. ಹೋಗುತ್ತಲೇ ಇತ್ತು. ಎರಡೂ ಕಾಲು ಕೂಡಿಸಿ, ಸೀಟಿನಿಂದ ಎದ್ದು ನಿಂತಂತೆ ತುಳಿದಳು.

"ಏನ್ ಮೇಡಂ, ಕಾಲು ಹಿಡ್ಕೊಂಡಿದ್ಯಾ?" ಅಂದ ಟ್ಯಾಕ್ಸಿಯವನು ಹಾಯಾಗಿ ಓಡಿಸುತ್ತಾ.

ಮನೆಯವರೆಗೂ ಅವಳು ತುಳಿಯುತ್ತಲೇ ಇದ್ದಳು. ಗಾಡಿ ಒಂದು ಸಲವೂ ಅವಳ ಮಾತು ಕೇಳಲಿಲ್ಲ.

ಟ್ಯಾಕ್ಸಿಯವನು ಹೋದ ಮೇಲೂ ಅವಳು ಕಾರಿನಿಂದ ಇಳಿಯಲಿಲ್ಲ. ಮೈಯೆಲ್ಲ ಉರಿಯುತ್ತಿತ್ತು. ಬದುಕಿರುವಾಗ ಗಂಡನನ್ನು ಒಂದು ದಿನವೂ 'ನೀನು' ಅನ್ನದವಳು ಈಗ ಸ್ಟೇರಿಂಗಿನ ಕಡೆ ತಿರುಗಿ ಶುರುಹಚ್ಚಿಕೊಂಡಳು. "ಮೋಸಗಾರ! ಇಪ್ಪತ್ತು ವರ್ಷ ನನ್ನ ಕಾಲಿಗೆ ಟೋಪಿ ಹಾಕಿದೆಯಲ್ಲೋ! ಮಗು ಕೈಗೆ ಗಿಲಕಿ ಕೊಟ್ಟ ಹಾಗೆ ಕೊಟ್ಟೆಯಲ್ಲೋ! ಆ ಲಾರಿ ಕತೆ ನಾನು ಊರೆಲ್ಲ ಹೇಳ್ಕೊಂಡು ಬಂದಾಗ ಪಕ್ಕದಲ್ಲಿ ನಿಂತು ಹೌದು ಹೌದು ಅಂತ ಬೇರೆ ತಲೆ ಆಡಿಸ್ತಿದ್ದೆ, ನಾಚಿಕೆ ಆಗ್ಲಿಲ್ವಾ?" ಸ್ಟೇರಿಂಗು ಏನು ಹೇಳೀತು?

ಬೈದೂ ಬೈದೂ ಗಂಟಲು ಒಣಗಿದಾಗ ಅಳು ಬಂತು. ಅವಳನ್ನು ಚುಚ್ಚುತ್ತಿದ್ದದ್ದು ಮೋಸವಲ್ಲ. ಕಣ್ಣು ಹೋಯಿತು, ಕೆಲಸ ಹೋಯಿತು, ಗಂಡ ಹೋದ, ಆದರೂ ತಾನು ಕಾಲಿಟ್ಟರೆ ಏನೋ ಒಂದು ನಿಲ್ಲುತ್ತದೆ ಅನ್ನುವ ಧೈರ್ಯವಿತ್ತು. ಈಗ ನೋಡಿದರೆ ಅದೂ ಇರಲಿಲ್ಲ. ಇನ್ನು ಈ ಮನೆಯಲ್ಲಿ ತಾನೊಬ್ಬಳು, ಬಚ್ಚಲಲ್ಲಿ ಆ ಗಡಿಯಾರ.

ನಾದಿನಿ ಬಂದು ಡ್ರೈವರ್ ಸೀಟಿನಲ್ಲಿ ಕೂತಳು. ಕೈಯಲ್ಲಿ ಒಂದು ಬನ್ನು. ಅರ್ಧ ಮುರಿದು ಕೊಟ್ಟಳು. ಬ್ರೇಕಮ್ಮ ತೆಗೆದುಕೊಳ್ಳಲಿಲ್ಲ.

"ನಿಂಗೆ ಯಾವಾಗಿಂದ ಗೊತ್ತು?"

"ಅಣ್ಣ ಆಸ್ಪತ್ರೇಲಿದ್ದಾಗ ಹೇಳಿದ. ನೀವು ಔಷಧಿ ತರೋಕೆ ಹೋಗಿದ್ರಿ. ಆ ಗಾಡಿ ಯಾರೇ ಓಡಿಸಲಿ, ನಿಮ್ಮತ್ತಿಗೆ ಕಾಲಿನ ಮೇಲೆ ಒಂದು ಕಣ್ಣಿಟ್ಟಿರೋಕೆ ಹೇಳು, ಅವಳಿಗೆ ಮಾತ್ರ ಹೇಳ್ಬೇಡ ಅಂದ."

"ದೊಡ್ಡ ಮನುಷ್ಯ! ಸಾಯೋವಾಗ್ಲೂ ನನ್ನ ಕಾಲಿನ ಚಿಂತೆ."

"ನಿಮ್ಮ ಕಾಲು ಸುಳ್ಳು ಹೇಳಿದ್ದೇ ಇಲ್ವಂತೆ. ತನಗೆ ಕಾಣೋದಕ್ಕಿಂತ ಮುಂಚೆ ಅದಕ್ಕೆ ಗೊತ್ತಾಗುತ್ತೆ ಅಂತಿದ್ದ. ಆ ಲಾರಿ ಅವನಿಗೆ ಕಂಡೇ ಇರ್ಲಿಲ್ಲವಂತೆ. ನಿಮ್ಮತ್ತಿಗೆ ಕಾಲು ಕೆಳಗೆ ಹೋಯ್ತು, ಅದಕ್ಕೇ ತುಳಿದೆ, ಇಲ್ದಿದ್ರೆ ನಾನು ಅವತ್ತೇ ಗೋವಿಂದ ಅಂದ."

ಬ್ರೇಕಮ್ಮ ಪೆಡಲಿನ ಕರೀ ರಬ್ಬರು ನೋಡಿದಳು. ನೋಡಿದ್ದು ತಾನು, ತುಳಿದದ್ದು ಅವನು. ಲಾರಿ ನಿಜವಾಗಿಯೂ ಇತ್ತು. ಅಷ್ಟು ದೊಡ್ಡದಿರಲಿಲ್ಲ, ಆದರೆ ಇತ್ತು.

"ನೀನ್ಯಾಕೆ ಹೇಳ್ಲಿಲ್ಲ? ಪಾಠ ಶುರು ಮಾಡಿದ ದಿನವಾದ್ರೂ ಹೇಳ್ಬಹುದಿತ್ತಲ್ಲ?"

"ಹೇಳಿದ್ರೆ ನೀವು ಪಾಠ ಮಾಡ್ತಿದ್ರಾ? ಕೆಲಸ ಬಿಟ್ಟ ಮೇಲೆ ಅವತ್ತೇ ಮೊದಲು ನೀವು ತಲೆ ಬಾಚ್ಕೊಂಡಿದ್ದು." ನಾದಿನಿ ಬನ್ನು ಕಚ್ಚಿದಳು. "ಇರ್ಲಿ ಬಿಡಿ ಅತ್ತಿಗೆ. ರೂಮು ಖಾಲಿ ಇದ್ಯಂತೆ. ಎಷ್ಟಂದ್ರೂ ಅಣ್ಣ ಹೋದ ಮೇಲೆ ನಾನ್ಯಾರು ನಿಮಗೆ? ನಾಲ್ಕು ದಿನ ಅಂತ ಬಂದೆ..."

ಬ್ರೇಕಮ್ಮನ ಬಲಗಾಲು ದಡ್ ಅಂತ ಪೆಡಲಿಗೆ ಬಿತ್ತು. ನಿಂತ ಗಾಡಿ, ಆದರೂ ನಾದಿನಿಯ ಕಾಲೂ ತನ್ನಷ್ಟಕ್ಕೇ ಬ್ರೇಕಿಗೆ ಹೋಯಿತು. ಇಬ್ಬರೂ ಕೆಳಗೆ ನೋಡಿದರು.

"ನಿಮ್ಮಣ್ಣ ಸತ್ರು ಅಂತ ನಾನು ಅತ್ತಿಗೆ ಕೆಲಸಕ್ಕೆ ರಾಜೀನಾಮೆ ಕೊಟ್ಟಿದೀನೇನೇ?" ಅಂದಳು ಬ್ರೇಕಮ್ಮ. ದನಿ ನಡುಗುತ್ತಿತ್ತು, ನಡುಗಿದರೆ ನಡುಗಲಿ ಅಂತ ಬಿಟ್ಟಳು. "ನೀನು ಹೋಗೋದು ನಂಗಿಷ್ಟ ಇಲ್ಲ. ಒಬ್ಳೇ ಇರೋಕೆ ನಂಗೆ ಭಯ. ಜಗಳ ಆಡೋಕಾದ್ರೂ ಒಬ್ರು ಬೇಕಲ್ಲ. ಅರ್ಥ ಆಯ್ತಾ? ಎರಡು ಸಲ ಹೇಳಲ್ಲ. ಆ ಬನ್ನು ಕೊಡಿಲ್ಲಿ."

ನಾದಿನಿ ಕೊಟ್ಟಳು. ಇಬ್ಬರೂ ಅಗಿಯುತ್ತಾ ಕೂತರು.

"ನಂಗೂ ಹೋಗೋಕೆ ಇಷ್ಟ ಇಲ್ಲ" ಅಂದಳು ನಾದಿನಿ ಬಾಯಿ ತುಂಬಿಕೊಂಡೇ. "ಆ ರೂಮಲ್ಲಿ ಕಿಟಕಿ ತೆಗೀಬೇಡ ಅನ್ನೋಕೆ ಯಾರೂ ಇರಲ್ಲ."

ಮರುದಿನ ಗಿರಣಿ ಅಂಗಳದಲ್ಲಿ ಕಂಡ ನೋಟಕ್ಕೆ ದಾರಿಹೋಕರೆಲ್ಲ ನಿಂತು ನೋಡಿದರು. ಕಾರು ಸುತ್ತುತ್ತಿತ್ತು, ಪಕ್ಕದ ಸೀಟಿನಲ್ಲಿ ಬ್ರೇಕಮ್ಮ ಎರಡೂ ಕಾಲು ಮೇಲಕ್ಕೆತ್ತಿ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದಳು. ಕಾಲಿನ ಮೇಲೊಂದು ಶಾಲು ಹೊದೆದು ಅದರ ಅಂಚನ್ನು ಎರಡೂ ಕೈಯಲ್ಲಿ ಬಿಗಿಹಿಡಿದಿದ್ದಳು, ಒಳಗಿರುವ ಪ್ರಾಣಿ ಎಲ್ಲಿ ಜಿಗಿದು ಓಡುತ್ತದೋ ಅನ್ನುವಂತೆ. ಜೀವಮಾನದಲ್ಲಿ ಅವಳು ಮಾಡಿದ ಕಷ್ಟದ ಪಾಠವೆಂದರೆ ಅದೇ. ಗೋಡೆ ಹತ್ತಿರ ಬರುತ್ತಿತ್ತು, ಶಾಲಿನೊಳಗೆ ಕಾಲು ಒದ್ದಾಡುತ್ತಿತ್ತು, ಬ್ರೇಕಮ್ಮ ಹಲ್ಲು ಕಚ್ಚಿ ಕೂಗುತ್ತಿದ್ದಳು. "ನನ್ನ ನೋಡ್ಬೇಡ! ನಾನಿಲ್ಲ ಅಂದ್ಕೋ! ಗೋಡೆ ನೋಡೇ ಪುಣ್ಯಾತ್ಗಿತ್ತಿ, ಗೋಡೆ!" ಮೊದಲ ದಿನ ಬಂಪರು ಹೋಯಿತು. ಎರಡನೇ ದಿನ ಒಂದು ದೀಪ. ಆಮೇಲೆ ಒಡೆಯಲು ಮುಂದುಗಡೆ ಏನೂ ಉಳಿಯಲಿಲ್ಲವೋ ಅಥವಾ ನಾದಿನಿಗೆ ಬುದ್ಧಿ ಬಂತೋ, ಗೋಡೆಗೆ ಮಾರು ದೂರದಲ್ಲೇ ಗಾಡಿ ನಿಲ್ಲತೊಡಗಿತು.

ಎರಡನೇ ಪರೀಕ್ಷೆಗೆ ಇನ್ಸ್‌ಪೆಕ್ಟರು ಹೊಸ ಸಾಕ್ಸು ಹಾಕಿಕೊಂಡು ಬಂದಿದ್ದರು. ನಾದಿನಿ ಅದರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅವರಿಗೆ ಸ್ವಲ್ಪ ಬೇಜಾರಾದಂತೆ ಕಂಡಿತು. ಬಿಳಿ ಗೆರೆಯ ಹಿಂದೆ ಕಾರು ನೀಟಾಗಿ ನಿಂತಿತು.

ಬೇಕರಿ ಊರಾಚೆಗೆ ಹೋದ ಮೊದಲ ದಿನ ಬ್ರೇಕಮ್ಮ ತಾನೂ ಹೊರಟಳು. ದಾರಿ ತೋರಿಸಲು ಅಂದಳು. ದಾರಿ ನೆಟ್ಟಗೆ ಒಂದೇ ಇತ್ತು, ತೋರಿಸಲು ಏನೂ ಇರಲಿಲ್ಲ. ಪೆಡಲನ್ನು ಕಿತ್ತು ಬಿಸಾಕಲಾ ಅಂತ ಗ್ಯಾರೇಜಿನವನು ಕೇಳಿದ್ದ, ಬೇಕಾದರೆ ನಿಜವಾದ ಬ್ರೇಕಿಗೇ ಜೋಡಿಸಿಕೊಡುತ್ತೇನೆ ಅಂತಲೂ ಅಂದಿದ್ದ. ಎರಡೂ ಬೇಡ, ದೀಪ ಹಾಕು ಸಾಕು ಅಂದಿದ್ದಳು.

ಬೆಳಕು ಹರಿಯುತ್ತಿತ್ತು. ಬ್ರೇಕಮ್ಮ ಶಾಲು ತೆಗೆದು ಹಿಂದಿನ ಸೀಟಿಗೆ ಎಸೆದು ಕಾಲು ಕೆಳಗಿಟ್ಟಳು. ನಾದಿನಿ ರಸ್ತೆಯನ್ನೇ ನೋಡುತ್ತಿದ್ದಳು. ಮುಂದೆ ಬಹು ದೂರದವರೆಗೆ ಒಂದು ನರಪಿಳ್ಳೆಯೂ ಇರಲಿಲ್ಲ, ನಾಯಿಯೂ ಇರಲಿಲ್ಲ, ಲಾರಿಯಂತೂ ಇರಲೇ ಇಲ್ಲ. ಬ್ರೇಕಮ್ಮನಿಗೆ ತಡೆಯಲಾಗಲಿಲ್ಲ. ಬಲಗಾಲನ್ನು ಮೆಲ್ಲಗೆ ಪೆಡಲಿನ ಮೇಲಿಟ್ಟು ತುಳಿದಳು.

ಏನೂ ಆಗಲಿಲ್ಲ. ಒಂದು ಕ್ಷಣ ಬಿಟ್ಟು, ಆ ಖಾಲಿ ರಸ್ತೆಯಲ್ಲಿ ಗಾಡಿ ನಿಧಾನವಾಯಿತು.

"ಬ್ರೇಕು ಸ್ವಲ್ಪ ತಡ ಕಣೇ" ಅಂದಳು ಬ್ರೇಕಮ್ಮ, ಕಿಟಕಿಯ ಕಡೆ ಮುಖ ಮಾಡಿ.

"ಹಳೇ ಗಾಡಿ ಅತ್ತಿಗೆ" ಅಂದಳು ನಾದಿನಿ ರಸ್ತೆಯಿಂದ ಕಣ್ಣು ತೆಗೆಯದೆ. "ಏನ್ಮಾಡೋದು."